ಹಸಿರು ತುದಿಯ ಸರಳು

ಆ ಗುರುವಾರವೂ ನಲ್ಲಿಯಲ್ಲಿ ನೀರು ಬಂದದ್ದು ಆರೂಕಾಲಕ್ಕೇ. ಮೊದಲು ಕುಡಿಯುವ ನೀರಿನ ಕೊಡ, ಆಮೇಲೆ ಬಚ್ಚಲಿನ ಡ್ರಮ್ಮು, ಕೊನೆಗೆ ಬಾಲ್ಕನಿಯ ತುಳಸಿಗೆ ಒಂದು ಚೊಂಬು. ಕುಕ್ಕರಿನ ಎರಡನೇ ಸೀಟಿಗೆ ಮಗಳನ್ನು ಎಬ್ಬಿಸಿದೆ. ಮೂರನೆಯದಕ್ಕೆ ಅವಳು ನಿಜವಾಗಿ ಎದ್ದಳು. ನಮ್ಮವರಿಗೆ ಮುಂಬಯಿಯ ಫೋರ್ಟಿನ ಬ್ಯಾಂಕಿನಲ್ಲಿ ಕೆಲಸ, ಮುಲುಂಡ್‌ನಿಂದ ಎಂಟು ಹತ್ತರ ಲೋಕಲ್. ಅವರ ಡಬ್ಬಿಗೆ ಚಪಾತಿ ಮಡಚಿ ಇಡುತ್ತಿದ್ದೆ. ತೊಂಡೆಕಾಯಿ ಪಲ್ಯದ ಎಣ್ಣೆ ತಾಗಬಾರದೆಂದು ಮಧ್ಯೆ ಬಟರ್ ಪೇಪರಿನ ಚೂರು ಹಾಕುವಷ್ಟರಲ್ಲಿ ಬೆಲ್ಲು ಆಯಿತು. ಒಂದೇ ಸಲ, ಗಿಡ್ಡಗೆ, ಒತ್ತಿದವರಿಗೇ ಸಂಕೋಚವಾದ ಹಾಗೆ.

ಹಾಗೆ ಬೆಲ್ಲು ಒತ್ತುವವರು ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರೇ. ಮೇಲಿನ ಮಾಳಿಗೆಯ ಕಾಕಾ.

ಕಾಕಾ ತೀರಿಕೊಂಡರು ಎಂದು ಕಳೆದ ತಿಂಗಳು ಅವರ ಮಗಳು ಪುಣೆಯಿಂದ ಫೋನ್ ಮಾಡಿದಾಗ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅವರ ಮುಖವಲ್ಲ, ಅಂಗಿಯ ತೋಳು. ಯಾವಾಗಲೂ ಬಿಳಿ ಅಂಗಿಯೇ. ಬಲತೋಳಿನಲ್ಲಿ ಮೊಣಕೈಯಿಂದ ಕೆಳಗೆ ಸಾಸಿವೆ ಕಾಳಿನಷ್ಟು ಚಿಕ್ಕ ತೂತುಗಳು, ಪ್ರತಿ ತೂತಿಗೂ ಒಂದು ಕಂದು ಅಂಚು. ಮೊದಲ ಸಲ ನೋಡಿದಾಗ ಬೀಡಿ ಸೇದುತ್ತಾರೆ ಅಂದುಕೊಂಡಿದ್ದೆ. ಅದು ಅವರ ಕಸುಬಿನ ಗುರುತು ಎಂದು ಆಮೇಲೆ ಗೊತ್ತಾಯಿತು. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಮೂವತ್ತೈದು ವರ್ಷ ಸ್ಟೋರ್ ನೋಡಿಕೊಂಡವರು. ಅಲ್ಲಿ ಮಾಮೂಲಿ ಕಬ್ಬಿಣದ ಕೆಲಸವಿಲ್ಲ. ಆಸಿಡ್ಡಿಗೆ ಬಗ್ಗದ, ಸಮುದ್ರದ ಉಪ್ಪಿಗೆ ಕರಗದ, ಕುಲುಮೆಯ ಬಿಸಿಗೆ ಸೊರಗದ ದುಬಾರಿ ಲೋಹಗಳ ಸರಳು ತರಿಸಿ, ಕೊಯ್ದು, ಬೋಲ್ಟು, ನಟ್ಟು, ಪಂಪಿನ ಬಿಡಿಭಾಗ ಮಾಡುತ್ತಾರೆ. ಎಲ್ಲ ಸರಳೂ ನೋಡಲಿಕ್ಕೆ ಒಂದೇ ಬೂದು ಹೊಳಪು. ಯಾವುದು ಯಾವ ಲೋಹ ಎಂದು ಹೇಳುವುದು ಕಾಕಾ ಕೆಲಸ. ತಿರುಗುವ ಸಾಣೆಕಲ್ಲಿಗೆ ತುದಿ ತಾಗಿಸಿ, ಹಾರುವ ಕಿಡಿ ನೋಡಿ ಹೇಳುತ್ತಿದ್ದರು.

"ಕಬ್ಬಿಣದ ಕಿಡಿ ಸುರುಸುರು ಬತ್ತಿ ಇದ್ದಂಗ್ರಿ ಅಕ್ಕಾರ, ಹೂವ ಬಿಡ್ತಾವ. ಸ್ಟೇನ್‌ಲೆಸ್ ಕಿಡಿ ಉದ್ದ, ಹಳದಿ, ತುದಿಗೆ ಒಂದೀಟ ಕವಲು. ನಿಕ್ಕಲ್ ಜಾಸ್ತಿ ಇದ್ರ ಗಿಡ್ಡ, ಕೆಂಪು. ನಾಚಿಕಿ ಸ್ವಭಾವ ಅದರದ್ದು. ಟೈಟಾನಿಯಂ ಅಂದ್ರ ಕಣ್ಣ ಕುಕ್ಕೂವಂಥ ಬಿಳಿ, ಮದಿವಿ ಮನಿ ಲೈಟ್ ಹಾಕಿದಂಗ."

ಬಾಗಲಕೋಟೆ ಕಡೆಯವರು. ಇಷ್ಟು ವರ್ಷ ಮುಂಬಯಿಯಲ್ಲಿದ್ದರೂ ಮಾತು ಆ ಕಡೆಯದೇ. ಇಂಗ್ಲಿಷ್ ಬರುತ್ತಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಮಾಲಿಬ್ಡಿನಮ್ ಎಂಬ ಶಬ್ದವನ್ನು ಅವರು ನನ್ನ ಮಗಳಿಗಿಂತ ಸಲೀಸಾಗಿ ಹೇಳುತ್ತಿದ್ದರು. ಪತ್ರ ಬರೆಯುವುದೆಂದರೆ ಮಾತ್ರ ಪೆನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಸೊಸೈಟಿಗೆ ದೂರು, ವಿದ್ಯುತ್ ಕಂಪನಿಗೆ ಅರ್ಜಿ, ಮಗಳ ಮದುವೆ ಹೊತ್ತಿಗೆ ರಜೆ ಚೀಟಿ, ಎಲ್ಲ ಕಾನ್ವೆಂಟಿನಲ್ಲಿ ಓದಿದ ನನ್ನ ಕೈಯಿಂದಲೇ. "ನಿಮಗ ಸಿಸ್ಟರ್‌ಗೋಳು ಕಲಿಸ್ಯಾರ, ನಂಗ ಸಾಣಿಕಲ್ಲ ಕಲಿಸೇತಿ" ಎನ್ನುತ್ತಿದ್ದರು.

ನಮ್ಮ ಅಡುಗೆಮನೆಯ ಪಾತ್ರೆಗಳಲ್ಲಿ ಅವರ ಪರೀಕ್ಷೆಗೆ ಕೂರದ್ದು ಒಂದೂ ಉಳಿದಿರಲಿಲ್ಲ. ಸೇಲ್‌ನಲ್ಲಿ ತಂದ ಆರು ತಟ್ಟೆಗಳನ್ನು ನಾನು ಹೆಮ್ಮೆಯಿಂದ ತೋರಿಸಿದೆ. ಬೆರಳಿನಿಂದ ಬಡಿದರು, ಬೆಳಕಿಗೆ ಹಿಡಿದರು, ಮೂಸಿಯೂ ನೋಡಿದರು. "ಇದರಾಗ ನಿಕ್ಕಲ್ ಕಡಿಮಿ, ಮ್ಯಾಂಗನೀಸ್ ಜಾಸ್ತಿ ಅನಸ್ತೈತಿ. ಹುಣಸಿಹಣ್ಣ ಹಚ್ಚಿ ಒಂದ ರಾತ್ರಿ ಬಿಡ್ರಿ, ತಾನ ಹೇಳ್ತೈತಿ." ಬೆಳಿಗ್ಗೆ ನೋಡಿದರೆ ಆರರಲ್ಲಿ ನಾಲ್ಕು ತಟ್ಟೆಗೆ ಮಂಕು ಕವಿದಿತ್ತು. ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಕಾಕಾ ಹೋದರು. ಜಗಳ ಮಾಡಲಿಲ್ಲವಂತೆ, ಕೌಂಟರಿನ ಮೇಲೆ ತಟ್ಟೆ ಇಟ್ಟು ಸುಮ್ಮನೆ ನಿಂತರಂತೆ. ತಟ್ಟೆ ಬದಲಾಯಿತು.

ಮಗಳಿಗೆ ಕಿವಿ ಚುಚ್ಚಿಸಿದ ವರ್ಷ ಏನು ಹಾಕಿದರೂ ಕೆಂಪಗಾಗಿ ಸೋರುತ್ತಿತ್ತು. ಕಾಕಾ ಅವಳ ಲೋಲಾಕನ್ನು ಅಂಗೈ ಮೇಲೆ ತಿರುಗಿಸಿ ನೋಡಿ, ನಿಜವಾಗಿಯೂ ನೊಂದುಕೊಂಡು, "ಇದು ನಮ್ಮ ನಿಕ್ಕಲ್ಲಿಂದ ಆಗಿದ್ದವ್ವಾ. ಕೆಲವರ ಮೈಗೆ ಅದು ಸೇರಂಗಿಲ್ಲ, ಸಿಟ್ಟಾಗಬ್ಯಾಡ" ಎಂದರು. ತುಂಟತನ ಮಾಡಿದ ತಮ್ಮ ಮನೆ ಹುಡುಗನ ಪರವಾಗಿ ಕ್ಷಮೆ ಕೇಳುವ ಧಾಟಿಯದು. ವಾರದ ಮೇಲೆ ಟೈಟಾನಿಯಂ ತಂತಿಯಿಂದ ಎರಡು ಚಿಕ್ಕ ಕೊಂಡಿ ಮಾಡಿ ತಂದರು. ಮುರಿದ ಮೂಳೆಗೆ ಆಸರೆಯಾಗಿ ಒಳಗೆ ಕೂರಿಸುವುದೂ ಇದೇ ಲೋಹವಂತೆ, ಮೈ ಅದನ್ನು ಹೊರಗಿನದು ಎಂದುಕೊಳ್ಳುವುದಿಲ್ಲವಂತೆ. ನಮ್ಮ ಗ್ಯಾಸಿನ ಉರಿಯಲ್ಲೇ ಚಿಮ್ಮಟದಿಂದ ಹಿಡಿದು ಕಾಯಿಸಿದರು. ಬೂದು ತಂತಿ ಮೊದಲು ಹೊಂಬಣ್ಣಕ್ಕೆ, ಆಮೇಲೆ ನೇರಳೆಗೆ ತಿರುಗಿ, ನೀಲಿಯಲ್ಲಿ ನಿಂತಿತು. ಬಣ್ಣ ಹಚ್ಚಲಿಲ್ಲ, ಏನಿಲ್ಲ. ಮಗಳು ಇವತ್ತಿಗೂ ಅದನ್ನೇ ಹಾಕುತ್ತಾಳೆ.

"ಬಂಗಾರದ್ದು ಮಾಡಿಸಬಹುದಿತ್ತಲ್ಲ ಕಾಕಾ" ಎಂದು ನಾನು ಅಂದದ್ದಕ್ಕೆ ಅವರು ನಕ್ಕರು. "ಬಂಗಾರ ಕುಂತ ತಿನ್ನೂ ಪೈಕಿ. ಒಂದ ಪಂಪ್ ನಡಿಸಿದ್ದು ನೋಡೀರೇನು ಅದು?"

ಇನ್ನೊಂದು ಅಭ್ಯಾಸ ಹೇಳಲೇಬೇಕು. ಅವರ ಸ್ಟೋರಿನಲ್ಲಿ ಪ್ರತಿ ಸರಳಿಗೂ ಒಂದು ತುದಿಯಲ್ಲಿ ಬಣ್ಣ ಬಳಿದಿರುತ್ತಾರೆ. ಹಸಿರೆಂದರೆ ಒಂದು ಬಗೆಯ ಸ್ಟೇನ್‌ಲೆಸ್, ನೀಲಿಯೆಂದರೆ ಮೋನೆಲ್, ಅಂದರೆ ನಿಕ್ಕಲ್ಲೂ ತಾಮ್ರವೂ ಕೂಡಿದ ಲೋಹ. ಕೊಯ್ಯುವಾಗ ಯಾವಾಗಲೂ ಬಣ್ಣವಿಲ್ಲದ ತುದಿಯಿಂದ ಕೊಯ್ಯಬೇಕು. ಆಗ ಸರಳು ಸವೆದು ಗೇಣುದ್ದ ಉಳಿದರೂ ಬಣ್ಣ ಉಳಿಯುತ್ತದೆ. ಬಣ್ಣದ ತುದಿ ಹೋಯಿತೋ, ಉಳಿದದ್ದು ಯಾರದ್ದೂ ಅಲ್ಲ. ಅದನ್ನು ಸಾಣೆಕಲ್ಲಿಗೆ ಹಿಡಿದು, ಗುರುತು ಹಚ್ಚಿ, ಮತ್ತೆ ಬಣ್ಣ ಬಳಿಯುವ ತನಕ ಯಾವ ಖಾನೆಗೂ ಸೇರಿಸುವಂತಿಲ್ಲ. ಈ ಶಿಸ್ತನ್ನು ಕಾಕಾ ಮನೆಗೂ ತಂದಿದ್ದರು. ನಾನು ಒಮ್ಮೆ ಮಸಾಲೆ ಪ್ಯಾಕೆಟ್ಟನ್ನು ತಾರೀಕು ಬರೆದಿದ್ದ ಕಡೆಯಿಂದ ಕತ್ತರಿಸಿದ್ದನ್ನು ಕಂಡು, ಬಾಯಿಯಿಂದ ಚ್ ಚ್ ಎಂದು, ಪ್ಯಾಕೆಟ್ಟನ್ನು ತಿರುಗಿಸಿ ಕೈಗೆ ಕೊಟ್ಟಿದ್ದರು.

ಆ ಗುರುವಾರ ಬಾಗಿಲು ತೆರೆದಾಗ ಕಾಕಾ ಕೆಲಸಕ್ಕೆ ಹೊರಟ ಉಡುಪಿನಲ್ಲಿದ್ದರು. ಕೈಯಲ್ಲಿ ಮಾತ್ರ ಡಬ್ಬಿ ಇರಲಿಲ್ಲ.

"ಅಕ್ಕಾರ, ಕೈ ಖಾಲಿ ಅದಾವೇನು? ಒಂದು ಇಂಗ್ಲಿಷ್ ಪತ್ರ ಬರಿಯೂದಿತ್ತು."

"ಬನ್ನಿ ಕಾಕಾ, ಚಾ ಇಡ್ತೇನೆ."

"ಚಾ ಬ್ಯಾಡ್ರಿ."

ಹನ್ನೆರಡು ವರ್ಷದ ನೆರೆಹೊರೆಯಲ್ಲಿ ಅವರು ಚಾ ಬೇಡ ಎಂದದ್ದು ಅದೇ ಮೊದಲು. ಸೋಫಾದ ತುದಿಗೆ ಕೂತು ಮುಷ್ಟಿ ಬಿಚ್ಚಿದರು. ರೂಪಾಯಿ ನಾಣ್ಯದಷ್ಟು ಅಗಲದ, ಅಷ್ಟೇ ದಪ್ಪದ ಲೋಹದ ಬಿಲ್ಲೆ. ಒಂದು ಮುಖ ಬೂದು. ಇನ್ನೊಂದು ಮುಖದಲ್ಲಿ ಹಸಿರು ಬಣ್ಣ.

"ನಿನ್ನೆ ಸಂಜಿಗೆ ನಮ್ಮಾಕಿ ಮೂಲ್ಯಾಗ ಉಳಿದಿದ್ದ ಅಂಗಿ ನೆನಸುವಾಗ ಕಿಸೆದಾಗ ಸಿಕ್ಕಿತು. ನಾನ ಕೊಯ್ದದ್ದು."

ಹೇಳಿದ್ದು ಇಷ್ಟು. ಹತ್ತು ದಿನದ ಹಿಂದೆ ಗಿರಾಕಿಯೊಬ್ಬರು ಸ್ಟೇನ್‌ಲೆಸ್ಸಿನ ಮಾದರಿ ಚೂರು ಬೇಕು, ಬಾಗಿಲಲ್ಲೇ ನಿಂತಿದ್ದೇನೆ ಎಂದು ಅವಸರ ಮಾಡಿದರು. ಖಾನೆಯಲ್ಲಿ ಒಂದು ಸರಳು ಉಲ್ಟಾ ಮಲಗಿತ್ತು, ಬಣ್ಣದ ತುದಿ ಹೊರಗೆ. ಆ ಇಕ್ಕಟ್ಟಿನಲ್ಲಿ ಅಷ್ಟುದ್ದದ ಸರಳನ್ನು ತಿರುಗಿಸಲು ಆಗದೆ ಕಾಕಾ ಆ ತುದಿಯಿಂದಲೇ ಒಂದು ಬಿಲ್ಲೆ ಕೊಯ್ದರು. ಉಳಿದ ಸರಳನ್ನು ಪಕ್ಕದ ನೀಲಿ ಖಾನೆಗೆ ಒರಗಿಸಿದರು, ಊಟವಾದ ಮೇಲೆ ಹಸಿರು ಬಳಿದರಾಯಿತು ಎಂದು. ಗಿರಾಕಿ ಫೋನಿನಲ್ಲಿ ಮಾತಾಡುತ್ತ, ಬಿಲ್ಲೆ ಒಯ್ಯದೆ ಹೊರಟೇ ಹೋದರು. ಅಷ್ಟರಲ್ಲಿ ಮಾಲಿನ ಲಾರಿ ಬಂತು, ಇಳಿಸುವ ಗದ್ದಲದಲ್ಲಿ ಸರಳು ಮರೆತೇಹೋಯಿತು. ಮರುದಿನ ಕೆಲಸದವರು ನೀಲಿ ಖಾನೆಯಲ್ಲಿ ಇದ್ದದ್ದೆಲ್ಲ ಮೋನೆಲ್ ಎಂದುಕೊಂಡು ಗರಗಸಕ್ಕೆ ಹಾಕಿದರು. ಒಂದು ಸರಳಿನ ಕೊನೆಯ ತುಂಡಿನಲ್ಲಿ ನೀಲಿ ಇಲ್ಲ ಎಂದು ಯಾರೂ ನೋಡಲಿಲ್ಲ. ನಾನೂರು ಬೋಲ್ಟು ತಯಾರಾದವು. ಬಾಡಿಗೆಗೆ ತಂದ ಪರೀಕ್ಷೆಯ ಯಂತ್ರವನ್ನು ನಾಲ್ಕು ಬೋಲ್ಟಿಗೆ ಹಿಡಿದರು, ನಾಲ್ಕೂ ಸರಿಯಿದ್ದವು. ಕಾಕಾ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಮಾಲು ಮಂಗಳವಾರ ಕಲ್ಯಾಣದ ಆಚೆಯ ಒಂದು ರಾಸಾಯನಿಕ ಕಾರ್ಖಾನೆ ಸೇರಿತು.

"ಆ ಸರಳಿಗೆ ಹನ್ನೊಂದು ಬೋಲ್ಟ್ ಬಂದಿರ್ತಾವ್ರಿ. ಅಲ್ಲಿ ಪೈಪಿನ್ಯಾಗ ಹರಿಯೂದು ಗಾಜು ತಿನ್ನೂವಂಥ ಆಸಿಡ್. ಮೋನೆಲ್ ಅದಕ್ಕ ಜಗ್ಗಂಗಿಲ್ಲ. ಸ್ಟೇನ್‌ಲೆಸ್ಸನ್ನ ಅದು ಸಾವಕಾಶ ಮೇಯ್ತೈತಿ. ಮ್ಯಾಲ ಹೊಳಪ ಇರತೈತಿ, ಒಳಗ ಟೊಳ್ಳು. ಒಂದಿನ ಪಟ್ ಅಂತೈತಿ. ನಾಳೆ ಮುಂಜಾನಿ ಪ್ಲಾಂಟ್ ಬಂದ್ ಮಾಡಿ ಹೊಸಾ ಬೋಲ್ಟ್ ಹಾಕಾಕ ಶುರು ಮಾಡ್ತಾರ."

"ಕಾರ್ಖಾನೆ ಸೇಠ್‌ಗೆ ಹೇಳಿದ್ರಾ?"

"ನಿನ್ನೇನ ಹೇಳೀನಿ. ‘ಚುಪ್ ಬೈಠೋ ಕಾಕಾ, ಕುಛ್ ನಹೀ ಹೋತಾ’, ಏನೂ ಆಗಂಗಿಲ್ಲ, ಸುಮ್ಮ ಕುಂದರು ಅಂದ್ರು. ದೀಪಾವಳಿಗೆ ನಾ ರಿಟೈರು. ಆಮ್ಯಾಲೂ ಅರ್ಧ ದಿನ ಬಂದು ಕುಂದರಿ, ಹೊಸಬರಿಗೆ ತೋರಸ್ರಿ ಅಂತ ಮಾತ ಕೊಟ್ಟಿದ್ರು. ಆ ಪ್ಲಾಂಟಿಗೆ ಪತ್ರ ಹೋದ್ರ ಅದೂ ಹೋತು." ಬಿಲ್ಲೆಯನ್ನು ತಿರುಗಿಸಿದರು. "ಮನ್ಯಾಗ ಕುಂತ ನಾ ಏನ ಉಜ್ಜಲಿ, ಬದನಿಕಾಯಿ?"

ನಮ್ಮವರು ಶೂ ಲೇಸು ಕಟ್ಟುತ್ತ ಎಲ್ಲ ಕೇಳಿಸಿಕೊಂಡಿದ್ದರು. "ಕಾಕಾ, ನಾನು ಬ್ಯಾಂಕಿನವ, ಹೇಳ್ತೇನೆ ಕೇಳಿ. ಒಮ್ಮೆ ಬರೆದು ಕೊಟ್ಟದ್ದು ವಾಪಸ್ ಬರುವುದಿಲ್ಲ. ನೀವು ಯಜಮಾನರಿಗೆ ಹೇಳಿ ಆಯ್ತು. ಇನ್ನು ಜವಾಬ್ದಾರಿ ಅವರದ್ದು."

"ಸಹಿ ನಂದೈತ್ರಿ ಸಾಹೇಬ್ರ."

"ನಾನೂರರಲ್ಲಿ ಹನ್ನೊಂದು, ಅಷ್ಟೇ ಅಲ್ವಾ?"

"ನಿಮ್ಮ ಎಂಟು ಹತ್ತರ ಲೋಕಲಿಗೆ ಎಷ್ಟು ಗಾಲಿ ಅದಾವ್ರಿ? ಒಂದ ಬಿಟ್ಟು ಬಂದ್ರ ಹತ್ತೀರೇನು?"

ನಮ್ಮವರು ಇನ್ನೊಂದು ಶೂವಿನ ಲೇಸನ್ನೂ ಕಟ್ಟಿ ಎದ್ದರು. ಡಬ್ಬಿ ಎತ್ತಿಕೊಂಡರು, ಬಾಗಿಲ ತನಕ ಹೋಗಿ, ನನ್ನ ಹತ್ತಿರ ಮೆತ್ತಗೆ, "ನಿನ್ನ ಹೆಸರು ಮಾತ್ರ ಎಲ್ಲೂ ಬರದ ಹಾಗೆ ನೋಡಿಕೋ" ಎಂದು ಹೊರಟರು. ಅವರು ಹೇಡಿಯಲ್ಲ. ಮನೆ ನಡೆಸುವವರು ಹಾಗೆಯೇ ಯೋಚಿಸುತ್ತಾರೆ. ನಾನೂ ಒಂದು ಗಳಿಗೆ ಹಾಗೆಯೇ ಯೋಚಿಸಿದೆ.

ಆಮೇಲೆ ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡೆ. ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದು, ಅಹಿತವಾದ ವಿಷಯವನ್ನು ಹತ್ತಿಯಲ್ಲಿ ಸುತ್ತಿ ಕೊಡಬೇಕೆಂದು. ಹಾಗೆಯೇ ಬರೆದೆ. ಮಾನ್ಯರೇ, ತಾವು ಕುಶಲವೆಂದು ನಂಬಿದ್ದೇವೆ, ಕಳಿಸಿದ ಮಾಲಿನಲ್ಲಿ ಚಿಕ್ಕ ಅದಲುಬದಲು ಆಗಿರುವ ಸಾಧ್ಯತೆ ಇದೆ, ಅನನುಕೂಲಕ್ಕೆ ವಿಷಾದವಿದೆ. ಕಾಕಾಗೆ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ಚಲೋ ಐತ್ರಿ. ಆದ್ರ ಇದನ್ನ ಓದಿದವ ಚಾ ಕುಡದು ಮರೀತಾನ. ಹೆದರಿಕಿ ಬರೂವಂಗ ಬರೀರಿ. ಮತ್ತ ಇದರಾಗ ನಾ ಎಲ್ಲಿದ್ದೀನಿ? ನಾನ ಕೊಯ್ದೆ, ನಾನ ಇಟ್ಟೆ, ನಾನ ಮರತೆ, ನಾನ ಸಹಿ ಮಾಡಿದೆ. ನಾಕೂ ಬರೀರಿ. ಯಾರ ತಪ್ಪು ಅಂತ ಹುಡುಕಕೋತ ಕುಂತ್ರ ಅವರಿಗೆ ನಾಳೆ ಬೋಲ್ಟ್ ಹಾಕೂದು ನಿಲ್ಲಸಾಕ ಆಗಂಗಿಲ್ಲ."

ಎರಡನೇ ಹಾಳೆಯಲ್ಲಿ ಕುಶಲ ಕೇಳಲಿಲ್ಲ. ಬೋಲ್ಟು ಹಾಕಬೇಡಿ ಎಂಬುದೇ ಮೊದಲ ಸಾಲು. ಅದರ ಕೆಳಗೆ ಅವರ ನಾಲ್ಕು ಮಾತು. ನಾನು ಬರೆದ ಅತಿ ಚಿಕ್ಕ ಇಂಗ್ಲಿಷ್ ಪತ್ರ ಅದು. ಸಿಸ್ಟರ್ ನೋಡಿದ್ದರೆ ಹತ್ತರಲ್ಲಿ ಮೂರು ಕೊಡುತ್ತಿದ್ದರು. ಬಿಲ್ಲೆಯ ಎರಡೂ ಮುಖದ ಫೋಟೋ ತೆಗೆದೆವು. ಕಾಕಾ ಫೋನಿನಲ್ಲೇ ಟೈಪ್ ಮಾಡಿದೆ. ಕಳಿಸುವ ಗುಂಡಿ ಒತ್ತಲು ನಾನು ಬೆರಳು ಎತ್ತಿದಾಗ ಅವರು ಫೋನು ತೆಗೆದುಕೊಂಡು ತಾವೇ ಒತ್ತಿದರು. ಅವರ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಒಂದು ಸಲಕ್ಕೆ ತಾಗಲಿಲ್ಲ, ಎರಡನೇ ಸಲ ಒತ್ತಿದರು.

ಆಮೇಲೆ ಚಾ ಕೇಳಿದರು.

ಉತ್ತರ ಬಂದದ್ದು ಹನ್ನೊಂದರ ಸುಮಾರಿಗೆ. ಫೋನು ಹಿಡಿದುಕೊಂಡು ಮತ್ತೆ ಕೆಳಗಿಳಿದು ಬಂದರು, ನಾನು ಓದಿ ಹೇಳಿದೆ. ತಿಳಿಸಿದ್ದಕ್ಕೆ ಧನ್ಯವಾದ, ಒಂದೂ ಬೋಲ್ಟು ಬಳಸುವುದಿಲ್ಲ, ಯಂತ್ರ ತಂದು ಎಲ್ಲವನ್ನೂ ಪರೀಕ್ಷಿಸುವವರು ಸೋಮವಾರದ ಮೊದಲು ಸಿಗುವುದಿಲ್ಲ, ಬೆರಕೆ ಬೇರ್ಪಡಿಸಲು ಬೇರೆ ದಾರಿ ಇಲ್ಲವಾದ್ದರಿಂದ ನಾಳೆ ಬೆಳಿಗ್ಗೆ ಪೂರ್ತಿ ಮಾಲನ್ನು ವಾಪಸು ಕಳಿಸುತ್ತೇವೆ, ಇನ್ನು ಮುಂದೆ ನಿಮ್ಮಲ್ಲಿ ಖರೀದಿ ಇಲ್ಲ.

"ನಾನೂರೂ?"

"ನಾನೂರೂ, ಕಾಕಾ."

ಕಾಲರಿನೊಳಗಿನ ಕರ್ಚೀಫು ತೆಗೆದು ಕುತ್ತಿಗೆ ಒರೆಸಿದರು, ನಾಲ್ಕು ಮಡಿಕೆ ಮಾಡಿ ಮತ್ತೆ ಅಲ್ಲೇ ಸಿಕ್ಕಿಸಿದರು. "ಮುನ್ನೂರಾ ಎಂಬತ್ತೊಂಬತ್ತು ಚಲೋ ಅದಾವಲ್ರಿ. ಹನ್ನೆರಡು ಮಂದಿ ಹಗಲೂ ರಾತ್ರಿ ಕುಂತು ಮಾಡ್ಯಾರ."

ಅಷ್ಟರಲ್ಲಿ ಸೇಠ್ ಫೋನು ಬಂತು. ಕಾರ್ಖಾನೆಯ ಗದ್ದಲದಲ್ಲಿ ಕೇಳಿಸಲೆಂದು ಕಾಕಾ ಫೋನಿನ ಸದ್ದು ಯಾವಾಗಲೂ ಜೋರು, ಹಾಗಾಗಿ ನಾನು ಒಳಗೆ ಹೋದರೂ ಕೇಳಿಸಿತು. ಮೊದಲು ಬೈಗುಳ, ಆಮೇಲೆ ಅಳುವ ದನಿ, ಕೊನೆಗೆ "ಕಲ್ ಸೇ ಮತ್ ಆನಾ."

"ಠೀಕ್ ಹೈ ಸೇಠ್" ಎಂದರು ಕಾಕಾ. ಅಲ್ಲಿಗೆ ಮುಗಿಸಲಿಲ್ಲ. ಸಾಣೆಯ ಮೋಟಾರು ಎರಡು ದಿನದಿಂದ ಬಿಸಿಯಾಗುತ್ತಿದೆ, ಎಣ್ಣೆ ಬಿಡಿಸಿ, ಇಲ್ಲವಾದರೆ ಸುಟ್ಟುಹೋಗುತ್ತದೆ ಎಂದು ಹಿಂದಿಯಲ್ಲಿ ನೆನಪು ಮಾಡಿದರು. ಸೇಠ್ ಫೋನು ಇಟ್ಟಾಗಿತ್ತು ಎಂದು ನನಗನ್ನಿಸುತ್ತದೆ.

"ಊಟ ಇಲ್ಲೇ ಮಾಡಿ ಕಾಕಾ" ಎಂದೆ.

"ಇಲ್ರಿ, ಒಂದೀಟ ಕೆಲಸೈತಿ" ಎಂದು ಎದ್ದರು. ಕೆಲಸದಿಂದ ಈಗಷ್ಟೇ ತೆಗೆದುಹಾಕಿಸಿಕೊಂಡವರ ನಡಿಗೆ ಹಾಗಿರುವುದಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಏರಿದರು.

ಮಧ್ಯಾಹ್ನ ಮನಸ್ಸು ತಡೆಯದೆ ಎರಡು ಬಟ್ಟಲು ಪಾಯಸ ಹಿಡಿದು ಮೇಲೆ ಹೋದೆ. ಕಾಕಾ ಹೆಂಡತಿ ಕಾಕೂ ಒಬ್ಬರೇ ಇದ್ದರು, ಶೇಂಗಾ ಸುಲಿಯುತ್ತ. "ಎರಡು ಭಕ್ರಿ ಕಟಗೊಂಡು ಹೋದ್ರು. ಎಲ್ಲಿಗೆ ಅಂದ್ರ, ಮಾಡಿದ್ದ ಮುಗಿಸಿ ಬರ್ತೀನಿ ಅಂದ್ರು. ಅವ್ರು ಹಂಗ ನೋಡ್ರಿ." ಫೋನು ಮಾಡಿದೆ, ಎತ್ತಲಿಲ್ಲ. ನಮ್ಮವರು ಬ್ಯಾಂಕಿನಿಂದ ಎರಡು ಸಲ ಫೋನು ಮಾಡಿ, ಬೇರೇನೋ ನೆಪ ಹೇಳಿ, ಕೊನೆಯಲ್ಲಿ "ಕಾಕಾದ್ದು ಏನಾಯ್ತು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಜೋಗೇಶ್ವರಿಗೆ ಹೋಗಿ ಸೇಠ್ ಕಾಲು ಹಿಡಿಯುತ್ತಿದ್ದಾರೇನೋ ಎಂಬ ಯೋಚನೆ ಒಮ್ಮೆ ಬಂತು. ಅವರ ಗುರುತು ಇದ್ದವಳಿಗೆ ಬರಬಾರದ ಯೋಚನೆ.

ಸಂಜೆ ಕೊತ್ತಂಬರಿ ತರಲು ಕೆಳಗಿಳಿದೆ. ನೆಲ ಅಂತಸ್ತಿನ ಶಾಂತಕ್ಕ, ನಮ್ಮ ಕರಾವಳಿಯವರೇ, ಗೇಟಿನ ಹತ್ತಿರ ಗಾಡಿಯವನ ಜೊತೆ ನುಗ್ಗೆಕಾಯಿಗೆ ಚೌಕಾಸಿ ಮಾಡುತ್ತಿದ್ದರು. ನನ್ನನ್ನು ಕಂಡು, ಕೈಯಲ್ಲಿದ್ದ ನುಗ್ಗೆಕಾಯಿಯನ್ನು ತಿ​ರುಚಿ ಎಳತೋ ಬಲಿತೋ ನೋಡುತ್ತಲೇ ಅಂದರು:

"ಅಲ್ಲ ಮಾರಾಯ್ತಿ, ನಿಮ್ಮ ಮೇಲಿನ ಮನೆ ಕಾಕಾ ಮಧ್ಯಾಹ್ನ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಾಣೆ ಮಷಿನ್ ತಂದು, ಮಗುವಿನ ಹಾಗೆ ತೊಡೆಮೇಲೆ ಕೂರಿಸಿಕೊಂಡು ರಿಕ್ಷಾದಲ್ಲಿ ಸ್ಟೇಷನ್‌ಗೆ ಹೋದ್ರು. ಎಲ್ಲಿಗೆ ಅಂದ್ರೆ ಕಲ್ಯಾಣದ ಆಚೆಗಂತೆ, ನಾನೂರು ಉಂಟಂತೆ, ಬೆಳಿಗ್ಗೆ ಒಳಗೆ ಮುಗಿಸಬೇಕಂತೆ. ಈ ವಯಸ್ಸಿನಲ್ಲಿ ಕತ್ತಿಗೆ ಸಾಣೆ ಹಿಡಿಯುವ ದಂಧೆ ಶುರು ಮಾಡಿದ್ರಾ? ಹಾಗಾದ್ರೆ ಬಂದ ಮೇಲೆ ನಮ್ಮ ತೆಂಗಿನಕಾಯಿ ತುರಿಯುವ ಮಣೆ ಒಂದು ನೋಡ್ಲಿಕ್ಕೆ ಹೇಳು, ಹಲ್ಲು ಪೂರಾ ಹೋಗಿದೆ."